ತಣ್ಣಗಿದ್ದ ಇಸ್ತ್ರಿ

ಬೀದಿಯವರಿಗೆಲ್ಲ ಅವಳು ಇಸ್ತ್ರಿಯಕ್ಕ. ಹೆಸರೊಂದು ಇತ್ತು, ಆದರೆ ಅದನ್ನು ಕೇಳುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಬಟ್ಟೆಯ ಗಂಟು ತಂದು ಮೇಜಿನ ಮೇಲೆ ಹಾಕಿ, "ಇಸ್ತ್ರಿಯಕ್ಕ, ನಾಳೆಗೆ ಬೇಕು" ಅಂದರೆ ಮುಗಿಯಿತು. "ನಾಳೆ ಅಂದ್ರೆ ನಾಳಿದ್ದು" ಅನ್ನುತ್ತಿದ್ದಳು. ಬಟ್ಟೆ ಮಾತ್ರ ನಾಳೆಗೇ ಸಿದ್ಧವಾಗಿರುತ್ತಿತ್ತು.

ಮನೆಯ ಮುಂದಿನ ಕೋಣೆಯೇ ಅಂಗಡಿ. ಗೋಡೆಯುದ್ದಕ್ಕೂ ಒಂದು ಮೇಜು. ಮೇಜಿನ ಮೇಲೆ ಮಡಚಿ ಹಾಸಿದ ಕಂಬಳಿ, ಕಂಬಳಿಯ ಮೇಲೆ ಹಳೆಯ ಬಿಳಿ ದುಪ್ಪಟಿ. ದುಪ್ಪಟಿಯಲ್ಲಿ ಅಲ್ಲಲ್ಲಿ ಇಸ್ತ್ರಿಯ ಮೂತಿ ಸುಟ್ಟ ಕಂದು ಕಲೆಗಳು. ಒಂದೊಂದು ಕಲೆಗೂ ಒಂದೊಂದು ಜಗಳದ ಕಥೆ. ಮೇಜಿನ ಹಿಂದೆ ಪರದೆ, ಪರದೆಯ ಹಿಂದೆ ಅಡುಗೆಮನೆ, ಅದಕ್ಕೆ ಅಂಟಿಕೊಂಡು ಅತ್ತೆಯ ಕೋಣೆ. ಬೀದಿ ಬಾಗಿಲಿಗೆ ಒತ್ತಿ ಹಳೆಯ ಕೆಂಡದ ಇಸ್ತ್ರಿಪೆಟ್ಟಿಗೆ ಕೂತಿರುತ್ತಿತ್ತು. ಅತ್ತೆಯ ಕಾಲದ್ದು. ವಿದ್ಯುತ್ತಿನ ಇಸ್ತ್ರಿ ಬಂದ ಮೇಲೆ ಅದಕ್ಕೆ ಪಿಂಚಣಿ ಸಿಕ್ಕಿತ್ತು. ಗಾಳಿಗೆ ಬಾಗಿಲು ಬಡಿದುಕೊಳ್ಳದ ಹಾಗೆ ಹಿಡಿದಿಡುವುದಷ್ಟೇ ಅದರ ಕೆಲಸ. ಭಾನುವಾರ ಮಾತ್ರ ಅದಕ್ಕೆ ಬೇರೆ ಕೆಲಸವಿತ್ತು. ಅದನ್ನು ಆಮೇಲೆ ಹೇಳಬೇಕು.

ಇಸ್ತ್ರಿಯಕ್ಕ ಶಾಲೆಗೆ ಹೋದದ್ದು ಕಡಿಮೆ. ಅಪ್ಪ ಮೂಟೆ ಹೊರುವವನು. ಮನೆಯಲ್ಲಿ ಅಳುವ ಮಕ್ಕಳು ಜಾಸ್ತಿ, ಎತ್ತಿಕೊಳ್ಳುವ ಕೈ ಕಡಿಮೆ. ಅಕ್ಷರ ಕೂಡಿಸಿ ಓದುವಷ್ಟು ಕಲಿತಳು, ಅಲ್ಲಿಗೆ ಸಾಕಾಯಿತು. ಮದುವೆಯಾಗಿ ಈ ಮನೆಗೆ ಬಂದಾಗ ಇಸ್ತ್ರಿ ಹಿಡಿಯಲೂ ಬರುತ್ತಿರಲಿಲ್ಲ. ಕಲಿಸಿದವಳು ಅತ್ತೆ. ಕಲಿಸಿದಳು ಅನ್ನುವುದಕ್ಕಿಂತ ಬೈದಳು ಅನ್ನಬೇಕು. ಬೈಗುಳ ಮುಗಿಯುವ ಹೊತ್ತಿಗೆ ಕೆಲಸ ಬಂದಿರುತ್ತಿತ್ತು.

"ಏ, ಕಾಲರ್ ಮೊದಲು ಕಣೇ! ಬೆನ್ನು ಮೊದಲು ಮಾಡಿದ್ರೆ ತೋಳು ಮಾಡೋವಾಗ ಮತ್ತೆ ಸುಕ್ಕಾಗಲ್ವಾ? ತಲೆ ಇದೆಯಾ ಅಥವಾ ಅದನ್ನೂ ಒಗೆಯೋಕೆ ಹಾಕಿದ್ಯಾ?"

"ಉಣ್ಣೆ ಕೋಟಿನ ಮೇಲೆ ಎಳೀಬೇಡ್ವೇ! ಒದ್ದೆ ಬಟ್ಟೆ ಹಾಸು. ಇಡು, ಎತ್ತು. ಇಡು, ಎತ್ತು. ಎಳೆದ್ರೆ ಹೊಳಪು ಬಂದು ಕೋಟು ಹೋಯ್ತು, ಗಿರಾಕಿನೂ ಹೋದ."

ಸೊಸೆಯೂ ಸುಮ್ಮನಿರುವವಳಲ್ಲ. "ನಿಮ್ಮ ಬಾಯಿಂದ ಬರೋ ಹಬೆ ಸಾಕು ಅತ್ತೆ, ಇಸ್ತ್ರಿ ಯಾಕೆ ಬೇಕು?" ಅಂದುಬಿಡುತ್ತಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಇಬ್ಬರಿಗೂ ಒಂದೇ ಕಾಲ, ಒಂದೇ ಮೇಜು. ಈ ತುದಿಯಲ್ಲಿ ಒಬ್ಬಳು, ಆ ತುದಿಯಲ್ಲಿ ಒಬ್ಬಳು. ನಡುವೆ ಗಂಡ, ಬಟ್ಟೆ ಮಡಚುವವನು.

"ನಾನು ಈ ಮನೆಗೆ ಕಾಲರಿನೊಳಗಿನ ಗಟ್ಟಿ ಬಟ್ಟೆ ಇದ್ದಂಗೆ," ಅನ್ನುತ್ತಿದ್ದ ಅವನು. "ಆ ಕಡೆ ಒಂದು ಪದರ, ಈ ಕಡೆ ಒಂದು ಪದರ. ನನ್ನನ್ನ ಕಿತ್ತು ತೆಗೆದರೆ ಎರಡೂ ಜೋತು ಬೀಳ್ತವೆ."

ಇಬ್ಬರೂ ಒಟ್ಟಿಗೆ, "ಸಾಕು, ಮಡಚು!" ಅನ್ನುತ್ತಿದ್ದರು.

ಅವನು ನಗೆಗಾರ. ಗಿರಾಕಿಯ ಪ್ಯಾಂಟಿನ ಜೇಬಿನಲ್ಲಿ ಹಳೇ ಕಡಲೆಬೀಜ ಸಿಕ್ಕರೆ ಅದನ್ನು ಕಾಗದದಲ್ಲಿ ಕಟ್ಟಿ, ಇಸ್ತ್ರಿಯಾದ ಪ್ಯಾಂಟಿನ ಮೇಲಿಟ್ಟು, "ನಿಮ್ಮ ಆಸ್ತಿ" ಎಂದು ಒಪ್ಪಿಸುವವನು. ಮಂಡಿ ನೋವಿನಿಂದ ಅವನಿಗೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಆದ್ದರಿಂದ ಭಾನುವಾರ ಬೆಳಿಗ್ಗೆ ಮಹಡಿಮನೆಗಳಿಗೆ ಬಟ್ಟೆ ಮುಟ್ಟಿಸುವುದು ಹೆಂಡತಿಯ ಪಾಲಿಗೆ, ಮಧ್ಯಾಹ್ನದ ಊಟ ಅವನ ಪಾಲಿಗೆ.

ಊಟ ಅಂದರೆ ಅವನಿಗೆ ಬರುತ್ತಿದ್ದದ್ದು ಒಂದೇ. ಪೇಟೆಯಲ್ಲಿ ಇಟಲಿ ಅಡುಗೆಯ ಹೋಟೆಲೊಂದಿತ್ತು. ಅಲ್ಲಿನ ಮೇಜುಬಟ್ಟೆಗಳಿಗೆ ಗಂಜಿ ಹಾಕಿ ಇಸ್ತ್ರಿ ಮಾಡುವ ಕೆಲಸ ಇವರದು. ಬಟ್ಟೆ ತರಲು ಹಿತ್ತಿಲ ಬಾಗಿಲಿಗೆ ಹೋದಾಗಲೆಲ್ಲ ಅಲ್ಲಿನ ಅಡುಗೆಯವನ ಜೊತೆ ಇವನ ಹರಟೆ. ಅಡುಗೆಯವನನ್ನು ಇವನು ಕರೆಯುತ್ತಿದ್ದದ್ದು ದೊಡ್ಡ ಟೋಪಿ ಅಂತ. ದೊಡ್ಡ ಟೋಪಿಯೇ ಒಂದು ದಿನ ಇವನ ಕೈಗೆ ಬ್ರೆಡ್ಡಿನ ತುಂಡೊಂದನ್ನು ಕೊಟ್ಟ. ಒಳಗೆ ಬದನೆಕಾಯಿ, ಟೊಮೆಟೊ, ಮೆತ್ತನೆಯ ಬಿಳಿ ಚೀಸು, ಕಾಮಕಸ್ತೂರಿ ಎಲೆ, ಆಲಿವ್ ಎಣ್ಣೆ. ಮಾಂಸ ಮೀನು ಏನೂ ಇಲ್ಲ. "ಸ್ಯಾಂಡ್‌ವಿಚ್ಚೇ ಇದು, ಆದರೆ ಒತ್ತಿದ್ದು," ಅಂದನಂತೆ. "ಒತ್ತೋದು ನಿನಗೆ ಹೇಳಿಕೊಡಬೇಕಾ?"

ಅಂದಿನಿಂದ ಭಾನುವಾರ ಅಂದರೆ ಆ ಸ್ಯಾಂಡ್‌ವಿಚ್ಚು. ಇಸ್ತ್ರಿಯಕ್ಕ ಮೆಟ್ಟಿಲು ಹತ್ತಿಳಿದು, ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಮನೆಗೆ ಬರುವ ಹೊತ್ತಿಗೆ ಅಡುಗೆಮನೆಯ ಕಿಟಕಿ ಕೆಳಗೆ, ಬಿಸಿಲು ಬೀಳುವ ಕಟ್ಟೆಯ ಮೇಲೆ, ಬಟ್ಟೆ ಸುತ್ತಿದ ಉದ್ದನೆಯ ಬ್ರೆಡ್ಡು ಮಲಗಿರುತ್ತಿತ್ತು. ಅದರ ಮೇಲೆ ಬಾಗಿಲ ಬಳಿಯ ಕೆಂಡದ ಇಸ್ತ್ರಿ. ಪಕ್ಕದಲ್ಲಿ ಸ್ಟೂಲಿನ ಮೇಲೆ ಅತ್ತೆ, ಕಾವಲುಗಾರ್ತಿಯ ಹಾಗೆ.

"ಮುಟ್ಟಬೇಡ, ಮುಟ್ಟಬೇಡ, ಬಿಸಿ!" ಅಂತ ಅವನು ಓಡಿಬರುತ್ತಿದ್ದ. ಹಿಡಿಕೆಗೆ ದಪ್ಪ ಬಟ್ಟೆ ಸುತ್ತಿ, ಉಸ್ಸೆಂದು ಊದುತ್ತ ಎತ್ತಿ ಪಕ್ಕಕ್ಕಿಟ್ಟು, "ಸೂಟು ತಯಾರು, ಹಾಕ್ಕೊಳ್ಳಿ" ಅನ್ನುತ್ತಿದ್ದ. ಬ್ರೆಡ್ಡು ಬೆಚ್ಚಗಿರುತ್ತಿತ್ತು. ಅತ್ತೆ ಪ್ರತಿ ಸಲವೂ, "ಎಣ್ಣೆ ಜಾಸ್ತಿ" ಅನ್ನುತ್ತಿದ್ದಳು. ಪ್ರತಿ ಸಲವೂ ಇನ್ನೊಂದು ತುಂಡಿಗೆ ಕೈ ಚಾಚುತ್ತಿದ್ದಳು.

ಹೀಗೇ ಇರುತ್ತದೆ ಅಂದುಕೊಂಡಿದ್ದರು. ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ.

ಅವನಿಗೆ ಎದೆಯಲ್ಲಿ ಕಫ ಕಟ್ಟಿತು. ಜ್ವರ ಬಂತು. ಆಸ್ಪತ್ರೆಗೆ ಹೋಗುವಾಗಲೂ, "ನನ್ನ ಷರಟು ಯಾಕೆ ಸುಕ್ಕಾಗಿದೆ? ಇಸ್ತ್ರಿಯವರ ಮನೆ ಮರ್ಯಾದೆ ಏನಾಗಬೇಕು?" ಅಂದ. ಹೆಂಡತಿ ಸುಕ್ಕು ತೆಗೆದುಕೊಟ್ಟಳು. ಅದೇ ಷರಟು ಹಾಕಿಕೊಂಡು ಹೋದ. ಮನೆಗೆ ಬರಲಿಲ್ಲ.

ಆಮೇಲಿನ ದಿನಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಗಂಡ ಹೋದವಳಿಗೆ ಅದು ಗೊತ್ತು. ಗೊತ್ತಿಲ್ಲದವರಿಗೆ ಹೇಳಿದರೂ ತಿಳಿಯುವುದಿಲ್ಲ. ಗಿರಾಕಿಗಳು ಬಟ್ಟೆ ತಂದರು, ಅವಳು ಇಸ್ತ್ರಿ ಮಾಡಿದಳು. ಷರಟುಗಳಿಗೆ ಅಳು ಗೊತ್ತಾಗುವುದಿಲ್ಲ. ಕಣ್ಣೀರು ಬಿದ್ದ ಜಾಗ ಇಸ್ತ್ರಿಗೆ ಒಣಗಿಹೋಗುತ್ತದೆ, ಅಷ್ಟೆ.

ಆದರೆ ಮನೆಯಲ್ಲಿ ಒಂದು ವಿಚಿತ್ರವಾಯಿತು. ಅತ್ತೆ ಸೊಸೆ ಜಗಳ ನಿಲ್ಲಿಸಿದರು.

"ಅತ್ತೆ, ಊಟ ಮಾಡ್ತೀರಾ?"

"ಬೇಡಮ್ಮ. ನೀನು ಮಾಡಮ್ಮ."

"ಸ್ವಲ್ಪ ಗಂಜಿ ಕೊಡಲಾ?"

"ತೊಂದರೆ ತಗೋಬೇಡಮ್ಮ."

ಆ 'ಅಮ್ಮ' ಕೇಳಿದಾಗಲೆಲ್ಲ ಇಸ್ತ್ರಿಯಕ್ಕನಿಗೆ ಎದೆಯಲ್ಲಿ ಏನೋ ಚುಚ್ಚುತ್ತಿತ್ತು. ಬಂದ ದಿನದಿಂದ ಅವಳನ್ನು 'ಏ' ಅಂದ ಬಾಯಿ ಅದು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಮನೆಯಲ್ಲಿ ಬಂಗಾರ ತುಂಬಿ, ಉಸಿರಾಡಲು ಜಾಗ ಇರಲಿಲ್ಲ.

ಅತ್ತೆ ಊಟವನ್ನೇ ಬಿಟ್ಟಳು. ಗಂಜಿ ಕೊಟ್ಟರೆ ಎರಡು ಚಮಚ, ಆಮೇಲೆ ಗೋಡೆಯ ಕಡೆ ಮುಖ. ಡಾಕ್ಟರು ಬಂದು ನೋಡಿ, ಕಾಯಿಲೆ ಏನೂ ಇಲ್ಲ, ತಿಂದರೆ ಎದ್ದು ಓಡಾಡುತ್ತಾರೆ, ತಿನ್ನದಿದ್ದರೆ ಏಳುವುದಿಲ್ಲ ಎಂದರು. ಇಸ್ತ್ರಿಯಕ್ಕ ಗಂಜಿಯನ್ನು ಇನ್ನೂ ತೆಳ್ಳಗೆ ಮಾಡಿದಳು. ಅತ್ತೆ ಇನ್ನೂ ತೆಳ್ಳಗಾದಳು. ವರ್ಷಗಟ್ಟಲೆ ಇಸ್ತ್ರಿ ಎತ್ತಿ ಒಂದು ಕಡೆ ಇಳಿದುಹೋಗಿದ್ದ ಅವಳ ಬಲಭುಜ ಈಗ ರವಿಕೆಯೊಳಗೆ ಮೂಳೆಯಾಗಿ ಕಾಣುತ್ತಿತ್ತು.

ನಾದಿನಿ ಫೋನು ಮಾಡಿದಳು. ಗಂಡನ ತಂಗಿ, ಕನ್ನಡಕದ ಅಂಗಡಿಯವನ ಹೆಂಡತಿ. ವಯಸ್ಸು ಎಷ್ಟಾದರೂ ಮನೆಯವರಿಗೆ ಅವಳು ಪುಟ್ಟಿ.

"ಅತ್ತಿಗೆ, ಅಮ್ಮ ಏನಾದ್ರೂ ತಿಂದ್ಲಾ?"

"ಇಲ್ಲ ಪುಟ್ಟಿ."

"ಹೀಗೇ ಬಿಟ್ಟರೆ ಹೋಗೇಬಿಡ್ತಾಳೆ. ಭಾನುವಾರ ಮಧ್ಯಾಹ್ನ ಬರ್ತೀನಿ. ಅಮ್ಮನ್ನ ಇಲ್ಲಿಗೆ ಕರ್ಕೊಂಡು ಬಂದುಬಿಡ್ತೀನಿ. ನಿಮಗೂ ಅಂಗಡಿ, ಗಿರಾಕಿ… ಎಷ್ಟು ಅಂತ ಮಾಡ್ತೀರಾ? ಬೇಜಾರಿಲ್ಲ ತಾನೆ?"

ಇಸ್ತ್ರಿಯಕ್ಕನ ಗಂಟಲಿನಲ್ಲಿ 'ಬೇಡ' ಇತ್ತು. ಹೊರಗೆ ಬಂದದ್ದು, "ಆಯ್ತು."

ಬೇಡ ಅನ್ನಲು ತಾನು ಯಾರು? ಹೆತ್ತ ಮಗಳು ಕರೆಯುತ್ತಿದ್ದಾಳೆ. ತಾನು ಗಂಜಿ ಕೂಡ ಕುಡಿಸಲಾರದವಳು. ಹೀಗೆಲ್ಲ ತನಗೇ ಬುದ್ಧಿ ಹೇಳಿಕೊಂಡಳು. ಆದರೆ ಅತ್ತೆ ಹೊರಟುಹೋದರೆ ಆ ಮೇಜಿನ ಎರಡೂ ತುದಿಯಲ್ಲಿ ತಾನೊಬ್ಬಳೇ. ಅವನ ಹಾಲುಹಲ್ಲು ಬಿದ್ದದ್ದನ್ನು ನೋಡಿದವಳು, ಅವನು ಮೊದಲು ಸುಟ್ಟ ಷರಟಿಗೆ ಅವನಿಗೆ ಹೊಡೆದವಳು, ಲೋಕದಲ್ಲಿ ಉಳಿದಿದ್ದದ್ದು ಅದೊಂದೇ ಜೀವ. ಅದೂ ಹೋದರೆ ಅವನ ಸುದ್ದಿ ಯಾರ ಜೊತೆ ಆಡುವುದು? ಗಿರಾಕಿಗಳ ಪ್ಯಾಂಟಿನ ಜೊತೆಯಾ?

ಶನಿವಾರ ಸಂಜೆ ಅವಳು ಬ್ರೆಡ್ಡಿನ ಅಂಗಡಿಗೆ ಹೋದಳು. ಯೋಚನೆ ಮಾಡಿ ಹೋದದ್ದಲ್ಲ. ಕಾಲು ಹೋಯಿತು, ಅವಳು ಹಿಂದೆ ಹೋದಳು.

"ಉದ್ದನೇ ಬ್ರೆಡ್ಡು ಕೊಡಿ. ನಮ್ಮ ಮನೆಯವರು ತಗೋತಿದ್ರಲ್ಲ, ಅಂಥದ್ದು."

ಬ್ರೆಡ್ಡಿನವನು ಅವಳ ಮುಖ ನೋಡಿದ. ಆಮೇಲೆ, "ಯಜಮಾನರು ಯಾವಾಗಲೂ ನಿನ್ನೇದು ಕೇಳ್ತಿದ್ರು ಅಕ್ಕ," ಅಂದ. "ಗಟ್ಟಿ ಇರಬೇಕು ಅಂತ."

"ಹಳೇದು ಯಾಕೆ? ನಮ್ಮತ್ತೆಗೆ ಹಲ್ಲೇ ಇಲ್ಲ. ಇವತ್ತಿನದೇ ಕೊಡಿ, ಮೆತ್ತಗಿರೋದು."

"ನಿಮ್ಮಿಷ್ಟ. ನಿನ್ನೇದೂ ಒಂದು ಇಟ್ಕೊಳ್ಳಿ, ನನ್ನ ಕಡೆಯಿಂದ." ಎರಡನ್ನೂ ಕಾಗದದಲ್ಲಿ ಸುತ್ತಿದ. "ಅವರು ಬಂದ್ರೆ ಅಂಗಡಿಯಲ್ಲಿ ಅರ್ಧ ಗಂಟೆ ನಗು ಇರ್ತಿತ್ತು. ಈಗ ಬರೀ ವ್ಯಾಪಾರ."

ಹಾಲಿನ ಅಂಗಡಿಯಲ್ಲಿ ಮೆತ್ತನೆಯ ಚೀಸು, ತರಕಾರಿಯವಳ ಹತ್ತಿರ ಬದನೆಕಾಯಿ, ಟೊಮೆಟೊ, ಕಾಮಕಸ್ತೂರಿಯ ಒಂದು ಕಟ್ಟು ಕೊಂಡಳು. ಎಲೆಯನ್ನು ಮೂಗಿಗೆ ಹಿಡಿದಾಗ ಅಲ್ಲೇ, ಗಾಡಿಯ ಪಕ್ಕದಲ್ಲೇ, ಭಾನುವಾರ ಬಂದುಬಿಟ್ಟಿತು. ಮುಖ ತಿರುಗಿಸಿಕೊಂಡು ಮನೆಗೆ ಬಂದಳು.

ಬೆಳಿಗ್ಗೆ ಎದ್ದು ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಳು. ಬಟ್ಟೆ ಮುಟ್ಟಿಸಲು ಹೋಗಲಿಲ್ಲ. ಬದನೆಕಾಯಿಯನ್ನು ಉದ್ದಕ್ಕೆ ಸೀಳಿ ಹೋಳು ಮಾಡಿ ಎಣ್ಣೆಯಲ್ಲಿ ಬಾಡಿಸಿದಳು. ಟೊಮೆಟೊ ಹೆಚ್ಚಿದಳು. ಮೆತ್ತನೆಯ ಬ್ರೆಡ್ಡನ್ನು ಸೀಳಿ ಎಣ್ಣೆ ಬಿಟ್ಟು ಎಲ್ಲವನ್ನೂ ಜೋಡಿಸಿದಳು. ಚೀಸನ್ನು ಧಾರಾಳವಾಗಿ ಇಟ್ಟಳು. ಮುಚ್ಚಿದಳು. ಇಷ್ಟು ಅವಳು ತಿಂದೇ ಕಲಿತದ್ದು. ಮಾಡುವುದನ್ನು ಒಂದು ದಿನವೂ ನೋಡಿರಲಿಲ್ಲ. ಆ ಹೊತ್ತಿಗೆ ಅವಳು ಯಾರದೋ ಮನೆಯ ಮೆಟ್ಟಿಲ ಮೇಲೆ ಇರುತ್ತಿದ್ದಳು.

ಇನ್ನು ಉಳಿದದ್ದು ಒತ್ತುವುದು. ಹಳೆಯ ಪೆಟ್ಟಿಗೆಗೆ ಹಾಕಲು ಮನೆಯಲ್ಲಿ ಇದ್ದಿಲು ಇರಲಿಲ್ಲ. ಅವನು ಪ್ರತಿ ಭಾನುವಾರ ಇದ್ದಿಲು ಎಲ್ಲಿಂದ ತರುತ್ತಿದ್ದನೋ! ಇರಲಿ, ವಿದ್ಯುತ್ತಿನದು ಇದೆಯಲ್ಲ. ಬಿಸಿ ಬಿಸಿಯೇ. ಬ್ರೆಡ್ಡನ್ನು ಮುಂದಿನ ಕೋಣೆಯ ಮೇಜಿನ ಮೇಲೆ ಮಲಗಿಸಿದಳು. ಮೆತ್ತನೆಯ ಬ್ರೆಡ್ಡು, ನಾಜೂಕು. ಉಣ್ಣೆ ಕೋಟಿನ ಹಾಗೆಯೇ ಅಂದುಕೊಂಡಳು. ಮೇಲೆ ಒದ್ದೆ ಬಟ್ಟೆ ಹಾಸಿದಳು. ಇಟ್ಟಳು, ಎತ್ತಿದಳು. ಇಟ್ಟಳು, ಎತ್ತಿದಳು.

ಹಬೆ ಎದ್ದಿತು. ಮೊದಲು ಒಳ್ಳೆಯ ಪರಿಮಳವೇ ಬಂತು. ಅವಳಿಗೆ ಧೈರ್ಯವೂ ಬಂತು. ಬಟ್ಟೆ ಒಣಗಿದ ಮೇಲೆ ಇಸ್ತ್ರಿಯನ್ನು ಒತ್ತಿ ಹಿಡಿದಳು. ಅಷ್ಟರಲ್ಲಿ ಚೀಸು ಕರಗಿ ಪಕ್ಕದಿಂದ ಹರಿಯಿತು. ಟೊಮೆಟೊ ರಸ ದುಪ್ಪಟಿಗೆ ಇಳಿಯಿತು. ಎಣ್ಣೆ ಬಟ್ಟೆಗೆ ಹತ್ತಿ ಹೊಗೆ ಬಂತು. ಇಸ್ತ್ರಿ ಎತ್ತಿದರೆ ಬಟ್ಟೆಯೂ ಎದ್ದು ಬಂತು, ಬಟ್ಟೆಗೆ ಅಂಟಿಕೊಂಡು ಬ್ರೆಡ್ಡಿನ ಸಿಪ್ಪೆಯೂ ಎದ್ದು ಬಂತು. ಒಳಗೆಲ್ಲ ಕಲಸುಮೇಲೋಗರ. ಮೇಲೆ ಇಸ್ತ್ರಿಯ ಮೂತಿಯಷ್ಟೇ ಕಪ್ಪು, ಅಚ್ಚುಕಟ್ಟಾಗಿ.

ಕೋಣೆ ತುಂಬ ಹೊಗೆ. ಇಸ್ತ್ರಿಯಕ್ಕ ತಂತಿ ಕಿತ್ತು ನಿಂತಳು. ಮಧ್ಯಾಹ್ನಕ್ಕೆ ಪುಟ್ಟಿ ಬರುತ್ತಾಳೆ. ಬಂದು ಏನು ನೋಡುತ್ತಾಳೆ? ಇದನ್ನು.

ಆಗ ಒಳಗಿನಿಂದ ಕೇಳಿಸಿತು.

"ಏ! ಏನೇ ಅದು ಸುಟ್ಟಿದ್ದು?"

ಇಸ್ತ್ರಿಯಕ್ಕ ಅಲುಗಾಡಲಿಲ್ಲ.

"ಕಿವಿ ಕೇಳಿಸಲ್ವೇನೇ? ಯಾರ ಷರಟು ಸುಟ್ಟೆ?"

ಮಂಚ ಕಿರುಗುಟ್ಟಿತು. ಗೋಡೆ ಹಿಡಿದು, ಪರದೆ ಹಿಡಿದು, ಅತ್ತೆ ಬಂದೇಬಿಟ್ಟಳು. ಎಷ್ಟೋ ದಿನದಿಂದ ಬಚ್ಚಲಿಗೆ ಬಿಟ್ಟರೆ ಎಲ್ಲಿಗೂ ಏಳದವಳು. ಮೇಜು ನೋಡಿದಳು. ಇಸ್ತ್ರಿ ನೋಡಿದಳು. ಸೊಸೆಯನ್ನು ನೋಡಿದಳು.

"ಬ್ರೆಡ್ಡಿಗೆ ಇಸ್ತ್ರಿ ಹಾಕಿದ್ಯಾ?"

"ಅವರು ಹಾಕ್ತಿದ್ರಲ್ಲ ಅತ್ತೆ!"

"ಬಿಸಿ ಇಸ್ತ್ರಿನಾ?"

"ಮತ್ತೆ? ತಣ್ಣಗಿರೋ ಇಸ್ತ್ರಿ ಯಾರಾದ್ರೂ ಹಾಕ್ತಾರಾ? ಮುಟ್ಟಬೇಡ ಬಿಸಿ, ಮುಟ್ಟಬೇಡ ಬಿಸಿ ಅಂತ ಬಟ್ಟೆ ಸುತ್ತಿ ಎತ್ತುತ್ತಿರಲಿಲ್ವಾ ನಿಮ್ಮ ಮಗ?"

ಅತ್ತೆ ಮೇಜಿನ ಅಂಚು ಹಿಡಿದುಕೊಂಡಳು. ಭುಜ ಅಲುಗಿತು. ಇಸ್ತ್ರಿಯಕ್ಕ ಅಳು ಅಂದುಕೊಂಡು ಹಿಡಿಯಲು ಓಡಿದಳು. ಅಳುವಲ್ಲ, ನಗು. ಹಲ್ಲಿಲ್ಲದ ಬಾಯಿಂದ ಗಾಳಿಯಾಗಿ ಹೊರಡುತ್ತಿದ್ದ ನಗು.

"ಅಯ್ಯೋ ಪೆದ್ದೀ! ಅದು ಅವನ ನಾಟಕ ಕಣೇ! ಆ ಪೆಟ್ಟಿಗೆ ಒಳಗೆ ಕೆಂಡ ಬಿದ್ದು ಯಾವ ಕಾಲ ಆಯ್ತು! ಬರೀ ಭಾರಕ್ಕೆ ಇಡ್ತಿದ್ದ. ಬಿಸಿಲಿಗೆ ಬ್ರೆಡ್ಡು ಬೆಚ್ಚಗಾಗ್ತಿತ್ತು, ಅಷ್ಟೆ. 'ಅಮ್ಮ, ಸುಮ್ಮನಿರು, ಇಸ್ತ್ರಿಯವಳಿಗೆ ಇಸ್ತ್ರಿಯಲ್ಲೇ ಟೋಪಿ ಹಾಕ್ತೀನಿ ನೋಡು' ಅಂದ ಮೊದಲನೇ ಸಲ. ಒಂದು ವಾರ ಆದ ಮೇಲೆ ಹೇಳ್ತೀನಿ ಅಂದ. ನೀನು ಒಂದು ದಿನನಾದ್ರೂ ಬೂದಿ ಎಲ್ಲಿ ಅಂತ ಕೇಳಬೇಕೋ ಬೇಡವೋ? ಇಷ್ಟು ವರ್ಷ ಕೇಳಲೇ ಇಲ್ಲ! ನೀನಾಗೇ ಕಂಡುಹಿಡೀಲಿ ಅಂತ ಅವನೂ ಬಿಟ್ಟ."

ಇಸ್ತ್ರಿಯಕ್ಕ ಬಾಗಿಲ ಕಡೆ ನೋಡಿದಳು. ಹಳೆಯ ಪೆಟ್ಟಿಗೆ ಏನೂ ಅರಿಯದ ಹಾಗೆ ಕೂತಿತ್ತು. ಎಲ್ಲ ಭಾನುವಾರಗಳೂ ಒಟ್ಟಿಗೆ ಕಣ್ಣಮುಂದೆ ಬಂದವು. ಅವನು ಉಸ್ಸೆಂದು ಊದಿದ್ದು. ಅತ್ತೆ ಸ್ಟೂಲಿನ ಮೇಲೆ ಸೆರಗು ಬಾಯಿಗೆ ಇಟ್ಟುಕೊಂಡದ್ದು. ಇವಳು ಅದನ್ನು ಕೆಮ್ಮು ಅಂದುಕೊಂಡದ್ದು.

ಸತ್ತವನು ಇಷ್ಟು ದಿನದ ಮೇಲೆ ಅವಳನ್ನು ನಗಿಸಿದ. ನಗುತ್ತ ನಗುತ್ತ ಅವಳು ನೆಲದ ಮೇಲೆ ಕೂತುಬಿಟ್ಟಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಹಿಡಿಯಿತೋ ಇಬ್ಬರಿಗೂ ತಿಳಿಯಲಿಲ್ಲ.

ಮೊದಲು ಬಾಯಿ ತೆರೆದವಳು ಸೊಸೆ. "ಗೊತ್ತಿದ್ದೂ ಸುಮ್ಮನಿದ್ರಲ್ಲ! ನೀವೆಂಥ ಅತ್ತೆ!"

"ನೀನೆಂಥ ಸೊಸೆ! ದಿನಾ ಗಂಜಿ, ದಿನಾ ಗಂಜಿ. ಷರಟಿಗೂ ಗಂಜಿ, ನನಗೂ ಗಂಜಿ. ನಾನೇನು ಕಾಲರ್ರಾ, ನೆಟ್ಟಗೆ ನಿಲ್ಲೋಕೆ?"

"ತಿನ್ನಲ್ಲ ಅಂದವರು ನೀವು!"

"ಕೇಳೋ ಥರ ಕೇಳಿದ್ಯಾ? 'ಊಟ ಮಾಡ್ತೀರಾ, ಸ್ವಲ್ಪ ಕೊಡಲಾ' ಅಂತ, ನೆಂಟರನ್ನ ಕೇಳಿದ ಹಾಗೆ. ನನ್ನ ಮಗ ಹೋದ ಮೇಲೆ ಈ ಮನೇಲಿ ನಾನು ನೆಂಟಳಾದೆ ಅಂದುಕೊಂಡೆ. ಆಮೇಲೆ ಪುಟ್ಟಿ ಫೋನಲ್ಲಿ ಕರೆದಾಗ 'ಆಯ್ತು' ಅಂದೆಯಲ್ಲ, ಕೇಳಿಸಿಕೊಂಡೆ. ಹೊರಡೋ ನೆಂಟರಿಗೆ ಊಟ ಯಾಕೆ?"

ಇಸ್ತ್ರಿಯಕ್ಕ ಕಣ್ಣು ಒರೆಸಿಕೊಂಡಳು.

"ನೀವು 'ಅಮ್ಮ, ಅಮ್ಮ' ಅಂತ ಶುರು ಮಾಡಿದ್ರಿ," ಅಂದಳು. "ಬೈಯೋಕೂ ನಾನು ಬೇಡವಾದೆ ಅಂದುಕೊಂಡೆ. ಮಗಳ ಮನೇಲಾದ್ರೂ ಚೆನ್ನಾಗಿರ್ತೀರಿ ಅಂತ ಆಯ್ತು ಅಂದೆ. ನನಗೇನು ನಿಮ್ಮನ್ನ ಕಳಿಸೋಕೆ ಆಸೆನಾ?"

ಅತ್ತೆ ಸುಟ್ಟ ಬ್ರೆಡ್ಡಿನ ತುದಿ ಮುರಿದು ಬಾಯಿಗಿಟ್ಟಳು. ಮುಖ ಕಿವಿಚಿದಳು.

"ಥೂ. ಏಳು, ಏಳು. ಇನ್ನೊಂದು ಬ್ರೆಡ್ಡಿದೆಯಾ?"

"ನಿನ್ನೇದೊಂದಿದೆ. ಗಟ್ಟಿ."

"ಅದೇ ಬೇಕು ಕಣೇ. ಮೆತ್ತಗಿರೋದು ಭಾರ ತಡೆಯಲ್ಲ. ಸ್ಟೂಲ್ ಹಾಕು."

ಅತ್ತೆ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತಳು. ಸೊಸೆ ಮಾಡಿದಳು, ಅತ್ತೆ ಬೈದಳು. ಹಳೆಯ ಶಾಲೆ ಮತ್ತೆ ತೆರೆಯಿತು.

"ಟೊಮೆಟೊಗೆ ಉಪ್ಪು ಹಾಕಿ ಜರಡಿಯಲ್ಲಿ ಇಡು, ನೀರು ಇಳೀಲಿ. ಇಲ್ಲದಿದ್ರೆ ಬ್ರೆಡ್ಡು ಬಚ್ಚಲಾಗುತ್ತೆ. ಬದನೆಕಾಯಿ ಇಷ್ಟು ದಪ್ಪನಾ? ಹಾಸಿಗೆ ಮಾಡ್ತಿದ್ಯಾ? ಬ್ರೆಡ್ಡಿನ ಒಳಗಿನ ತಿರುಳು ಕಿತ್ತು ತೆಗಿ, ಜಾಗ ಬೇಡವಾ? ಬೆಳ್ಳುಳ್ಳಿ ಸೀಳಿ ಒಳಗೆಲ್ಲ ತಿಕ್ಕು. ಮೆಲ್ಲಗೆ. ನೆಲ ತಿಕ್ಕೋ ಹಾಗಲ್ಲ!"

"ನೀವೇ ಮಾಡಿ ಹಾಗಾದ್ರೆ!"

"ಕೊಡು ಇಲ್ಲಿ," ಅಂದು ಎಣ್ಣೆಯ ಸೀಸೆ ಕಸಿದುಕೊಂಡಳು ಅತ್ತೆ. ಎಣ್ಣೆಯ ಧಾರೆ ಉದ್ದವಾಯಿತು. ಬದನೆಕಾಯಿ ಒಂದು ಸಾಲು, ಟೊಮೆಟೊ ಒಂದು ಸಾಲು, ಚೀಸನ್ನು ಕೈಯಲ್ಲೇ ಹರಿದು ಹರಿದು. ಕಾಮಕಸ್ತೂರಿ ಎಲೆಗಳನ್ನು ಮಾತ್ರ ಒಂದೊಂದಾಗಿ ಅತ್ತೆಯೇ ಇಟ್ಟಳು. ಹಳೆಯ ಕಾಲದ ಸೀರೆಯ ಮಡಿಕೆ ಹಾಕುವ ಹಾಗೆ, ಒಂದರ ಅಂಚಿನ ಮೇಲೆ ಇನ್ನೊಂದು.

ಮುಚ್ಚಿ, ಶುಭ್ರವಾದ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಕಿಟಕಿಯ ಬಿಸಿಲಿಗೆ ಮಲಗಿಸಿದರು. ಇಸ್ತ್ರಿಯಕ್ಕ ಬಾಗಿಲ ಬಳಿಯಿಂದ ಪೆಟ್ಟಿಗೆ ತಂದಳು. ಎರಡು ಕೈಗೂ ಭಾರ. ಮುಚ್ಚಳ ತೆರೆದು ಒಳಗೆ ನೋಡಿದಳು. ಒಂದು ಚೂರೂ ಬೂದಿ ಇಲ್ಲ. ಒಂದು ಸತ್ತ ಜೇಡ ಇತ್ತು. ಒರೆಸಿ, ಬ್ರೆಡ್ಡಿನ ಮೇಲೆ ಇಟ್ಟು, ಅಂಗೈಯನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟುಕೊಂಡೇ ನಿಂತಳು. ಕಬ್ಬಿಣ ತಣ್ಣಗಿತ್ತು. ಆ ತಂಪು ಅವಳಿಗೆ ಹಿತವಾಗಿತ್ತು.

"ಎಷ್ಟು ಹೊತ್ತು?"

"ಹಸಿವಾಗೋವರೆಗೆ," ಅಂದಳು ಅತ್ತೆ. "ಈಗಲೇ ಆಗ್ತಿದೆ. ಆದ್ರೂ ಕಾಯಬೇಕು."

ಪುಟ್ಟಿ ಬಂದದ್ದು ಖಾಲಿ ಸೂಟ್‌ಕೇಸು ಹಿಡಿದು, ಅಮ್ಮನ ಬಟ್ಟೆ ತುಂಬಲು. ಹೊಸಿಲಲ್ಲೇ ಮೂಗು ಮುಚ್ಚಿಕೊಂಡಳು.

"ಅತ್ತಿಗೆ! ಏನು ಸುಟ್ಟಿದ್ದು? ಅಮ್ಮ ಎಲ್ಲಿ? ಅಮ್ಮ…" ಪರದೆ ಸರಿಸಿ ನೋಡಿದರೆ ಅಮ್ಮ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದಾಳೆ.

"ಬಾರೇ. ನಿಮ್ಮತ್ತಿಗೆ ಬ್ರೆಡ್ಡಿಗೆ ಇಸ್ತ್ರಿ ಹಾಕಿದಾಳೆ, ನೋಡು. ಮಡಿಕೆ ಮಾತ್ರ ಕೂರಲಿಲ್ಲ."

"ನಿಮ್ಮಮ್ಮ ಇಷ್ಟು ವರ್ಷ ನನಗೆ ಟೋಪಿ ಹಾಕಿದಾರೆ, ಅದನ್ನೂ ಹೇಳಲಿ," ಅಂದಳು ಇಸ್ತ್ರಿಯಕ್ಕ.

ಪುಟ್ಟಿ ಅವರ ಮುಖ ಇವರ ಮುಖ ನೋಡಿದಳು. ಕೈಯಲ್ಲಿದ್ದ ಸೂಟ್‌ಕೇಸು ಕೆಳಗಿಟ್ಟಳು. ಕತೆ ಕೇಳಿ ಅವಳೂ ನಕ್ಕಳು. ಅಣ್ಣ ಚಿಕ್ಕಂದಿನಲ್ಲಿ ತನಗೆ ಒಣಗಿದ ನಿಂಬೆಹಣ್ಣು ಕೊಟ್ಟು, ಇದು ಹಕ್ಕಿಮೊಟ್ಟೆ, ಕಾವು ಕೊಡು ಅಂದದ್ದನ್ನು ಹೇಳಿದಳು. ಅವನ ಸುದ್ದಿ ಆ ಮನೆಯಲ್ಲಿ ಅಷ್ಟು ಹೊತ್ತು ನಡೆದದ್ದು ಅವನು ಹೋದ ಮೇಲೆ ಅದೇ ಮೊದಲು.

ಹೊತ್ತಾಯಿತು. ಇಸ್ತ್ರಿಯಕ್ಕ ಎದ್ದಳು. ಪೆಟ್ಟಿಗೆ ಎತ್ತಬೇಕು. ಕೈ ಮುಂದೆ ಹೋಯಿತು, ನಿಂತಿತು. ಪಕ್ಕದಲ್ಲಿದ್ದ ದಪ್ಪ ಬಟ್ಟೆ ತೆಗೆದುಕೊಂಡು ಹಿಡಿಕೆಗೆ ಸುತ್ತಿದಳು. ಉಸ್ಸೆಂದು ಊದಿದಳು. ಎತ್ತಿ ಪಕ್ಕಕ್ಕಿಟ್ಟಳು. ಯಾರೂ ನಗಲಿಲ್ಲ. ಸೂಟು ತಯಾರು ಅಂತ ಯಾರೂ ಅನ್ನಲಿಲ್ಲ. ಆ ಮಾತು ಅವನದು, ಅವನ ಜೊತೆಗೇ ಇರಲಿ.

ಬಟ್ಟೆ ಬಿಚ್ಚಿದರೆ ಬ್ರೆಡ್ಡು ಚಪ್ಪಟೆಯಾಗಿ, ಬಿಗಿಯಾಗಿ, ಒಂದಕ್ಕೊಂದು ಅಂಟಿ ಕೂತಿತ್ತು. ಎಣ್ಣೆ, ಟೊಮೆಟೊ ರಸ ಎಲ್ಲವನ್ನೂ ಗಟ್ಟಿ ಬ್ರೆಡ್ಡು ಕುಡಿದಿತ್ತು. ಕತ್ತರಿಸಿದಾಗ ಒಂದು ಹೋಳೂ ಜಾರಲಿಲ್ಲ. ನೆನೆದಿದ್ದರಿಂದ ಹಲ್ಲಿಲ್ಲದ ಬಾಯಿಗೂ ಸುಲಭ. ಅವನು ನಿನ್ನೆಯ ಬ್ರೆಡ್ಡು ಕೇಳುತ್ತಿದ್ದದ್ದು ಯಾಕೆ ಅಂತ ಅವಳಿಗೆ ಆಗ ತಿಳಿಯಿತು.

ಅತ್ತೆ ಕಚ್ಚಿದಳು. ನಿಧಾನವಾಗಿ ಅಗಿದಳು. ಇಬ್ಬರೂ ಅವಳ ಬಾಯನ್ನೇ ನೋಡುತ್ತಿದ್ದರು. ನುಂಗಿದಳು.

"ಎಣ್ಣೆ ಜಾಸ್ತಿ."

"ಹಾಕಿದ್ದು ನೀವೇ!"

"ಹಾಕೋಕೆ ಬಿಟ್ಟಿದ್ದು ನೀನು." ಇನ್ನೊಂದು ತುಂಡಿಗೆ ಕೈ ಚಾಚಿದಳು.

ಇಸ್ತ್ರಿಯಕ್ಕ ತಟ್ಟೆಯನ್ನು ಅವಳ ಹತ್ತಿರಕ್ಕೆ ತಳ್ಳಿದಳು. ಆಮೇಲೆ ತನ್ನ ತುಂಡು ಕಚ್ಚಿದಳು. ಅದೇ ರುಚಿ. ಅವನು ಬಿಟ್ಟುಹೋದದ್ದರಲ್ಲಿ ಇದೂ ಒಂದು ಉಳಿದಿದೆಯಲ್ಲ ಅಂದುಕೊಂಡಳು. ಅತ್ತೆಯ ನೆನಪಲ್ಲಿ ಇತ್ತು, ಈಗ ತನ್ನ ಕೈಗೆ ಬಂತು.

ಪುಟ್ಟಿ ತಿಂದು ಕೈ ಒರೆಸಿಕೊಂಡು, "ಅಮ್ಮ, ಹಾಗಾದ್ರೆ… ಬಟ್ಟೆ ತುಂಬಲಾ?" ಅಂದಳು.

"ಯಾರ ಬಟ್ಟೆ? ಗಿರಾಕಿಗಳದ್ದಾದ್ರೆ ತುಂಬು, ಮಹಡಿಮನೆಗಳಿಗೆ ಮುಟ್ಟಿಸಬೇಕು. ಇವತ್ತು ಇವಳು ಹೋಗಿಲ್ಲ." ಅತ್ತೆ ಬೆರಳು ನೆಕ್ಕಿಕೊಂಡಳು. "ನಾನೆಲ್ಲಿಗೂ ಬರಲ್ಲ ಪುಟ್ಟಿ. ಹಬ್ಬೋ ಹೊಗೆ ನೋಡಿದ್ಯಲ್ಲ. ಇವಳೊಬ್ಬಳನ್ನೇ ಬಿಟ್ಟು ಬಂದ್ರೆ ನಾಳೆ ಅನ್ನಕ್ಕೂ ಇಸ್ತ್ರಿ ಹಾಕ್ತಾಳೆ."

ಪುಟ್ಟಿ ಅತ್ತಿಗೆಯ ಕಡೆ ನೋಡಿದಳು. "ನಿಮಗೆ ಆಗುತ್ತಾ ಅತ್ತಿಗೆ?"

"ಅವರು ಬೈತಾ ಇದ್ರೆ ಆಗುತ್ತೆ," ಅಂದಳು ಇಸ್ತ್ರಿಯಕ್ಕ.

ಸಂಜೆ ಅವಳು ಕಾಗದದ ಮೇಲೆ ಉಪ್ಪು ಚೆಲ್ಲಿ, ಬೆಚ್ಚಗಿನ ಇಸ್ತ್ರಿಯನ್ನು ಅದರ ಮೇಲೆ ಎಳೆದೆಳೆದು ಅಂಟಿದ ಚೀಸು ತೆಗೆದಳು. ಮಾರನೆಯ ದಿನ ಯಾರದೋ ಬಿಳಿ ಷರಟು ಚೀಸಿನ ವಾಸನೆ ಹೊತ್ತು ಹೋಗಬಾರದಲ್ಲ. ಮೇಜಿನ ದುಪ್ಪಟಿಯಲ್ಲಿ ಟೊಮೆಟೊ ಕಲೆ ಉಳಿಯಿತು. ಬದಲಾಯಿಸಲಿಲ್ಲ. ಆ ಕಲೆಗೂ ಈಗ ಒಂದು ಜಗಳದ ಕಥೆ ಇದೆ.

ಹಳೆಯ ಪೆಟ್ಟಿಗೆಯನ್ನು ಮತ್ತೆ ಬಾಗಿಲ ಬಳಿ ಇಡಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ, ಕಿಟಕಿಯ ಕೆಳಗೆ ಅದಕ್ಕೆ ಜಾಗ ಆಯಿತು. ಹೀಗಾಗಿ ಬಾಗಿಲನ್ನು ಹಿಡಿದಿಡುವವರಿಲ್ಲ. ಗಾಳಿ ಬಂದರೆ ದಢಾರ್ ಅನ್ನುತ್ತದೆ.

"ಏ! ಬಾಗಿಲು!" ಅಂತ ಒಳಗಿನಿಂದ ಕೂಗು.

"ಕೇಳಿಸ್ತು! ನಾನೇನು ಕಿವುಡಿನಾ?" ಅಂತ ಹೊರಗಿನಿಂದ ಕೂಗು.

ಬಾಗಿಲಿಗೆ ಒಂದು ಕಲ್ಲು ಇಟ್ಟರೆ ಆಗುತ್ತದೆ. ಕಲ್ಲು ಬೀದಿಯಲ್ಲೇ ಬಿದ್ದಿದೆ. ಇಸ್ತ್ರಿಯಕ್ಕ ಇನ್ನೂ ತಂದಿಲ್ಲ.